ಡಕ್ಟಿನೊಳಗಿನ ಒಡಪು

ಮಕ್ಕಳು ಮಲಗ್ಯಾವೇನು? ಹಂಗಾದ್ರ ಈ ಕಡೆ ಸರದು ಕೂಡ್ರಿ... ಸಣ್ಣ ದನಿಲೆ ಹೇಳ್ತೀನಿ.

ನಮ್ಮ ಕಾಕಾನ ಮಗಳು ಗೋದಾಕ್ಕಗ ಆದ ಮಾತಿದು. ಹೈಟೆಕ್ ಸಿಟಿಯೊಳಗ ದಿನಾ ಒಂದು ಹೊಸ ಕಂಪನಿ ತೆರೀತಿದ್ದ ಕಾಲ. ಆಕಿ ಗಂಡ ವಾಸುದೇವ ಮಾಮಾ ಅಲ್ಲೇ ಕೆಲಸದಾಗಿದ್ರು. ನಿಜಾಂಪೇಟ ದಾರ್ಯಾಗ, ಆಲದ ಗಿಡದ ಹಿಂದ, ಹೊಸಾ ಅಪಾರ್ಟ್‌ಮೆಂಟಿನ್ಯಾಗ ಫ್ಲ್ಯಾಟ್ ತಗೊಂಡ್ರು. ಕೀಲಿ ಕೈಗೆ ಬಂದ ದಿನ ಹೋಗಿ ನೋಡಿದ್ರ, ಮಲಗೋ ಖೋಲಿ ಮೂಲ್ಯಾಗ ಒಂದು ಗ್ವಾಡಿ ಡಬ್ಬಿ ಎದ್ದು ನಿಂತೈತಿ! ತೋರಿಸಿದ್ದ ಮಾಡೆಲ್ ಫ್ಲ್ಯಾಟಿನ್ಯಾಗ ಅದು ಇರಲೇ ಇಲ್ಲ. ತವರಿನ ಅಲ್ಮಾರಿ ಇಡಬೇಕಂತ ಗೋದಾಕ್ಕ ಗುರುತು ಮಾಡಿದ್ದ ಜಾಗಾನೇ ಅದು.

"ಪೈಪಿನ ಡಕ್ಟ್. ಅಡ್ಜಸ್ಟ್ ಚೇಸ್ಕೋಂಡಮ್ಮಾ," ಹೊಂದಿಸಿಕೋರಿ ಅಂತ ತೆಲುಗಿನ್ಯಾಗ ಅಂದು ಬಿಲ್ಡರನ ಮನಷ್ಯಾ ಹೋಗೇಬಿಟ್ಟ. ಮ್ಯಾಲಿನ ಮನಿಗಳ ನೀರಿನ ಪೈಪೆಲ್ಲಾ ಅದರೊಳಗ ಇಳೀತಿದ್ವು, ಅದಕ್ಕ ಒಂದು ಸಣ್ಣ ಬಾಗಲಾನೂ ಇತ್ತು.

ಒಂದಿನ ಸಂಜಿ ಗೋದಾಕ್ಕ ಒಬ್ಬಾಕಿನೇ ಕೂತು ಅರಿವಿ ಮಡಚಾಕತ್ತಿದ್ಲು. ಡಕ್ಟಿನ್ಯಾಗ ಗುಳುಗುಳು... ನೀರು ಇಳೀತು. ಆಮ್ಯಾಲ ಕಿಣಿಕಿಣಿ... ಬಳಿ ಸಪ್ಪಳ. ಆಮ್ಯಾಲ ಒಂದು ಹೆಣ್ಣು ದನಿ, ನಾಚಿಕೋತ:

"ಬಾಗಲಕ್ಕ ಕಟ್ಟೀನಿ ಮಾವಿನ ತೋರಣ... ವಾಸುದೇವರಾಯರು ನನ್ನ ನಗಿಗೆ ಕಾರಣ."

ಒಡಪು! ನಮ್ಮ ಕಡೆ ಹೆಂಡ್ತಿ ಗಂಡನ ಹೆಸರು ಬಾಯಿಬಿಟ್ಟು ಹೇಳೋದು ಇಂಥಾ ಪ್ರಾಸದ ಒಡಪಿನ್ಯಾಗಷ್ಟ. ಅದೂ ತನ್ನ ಗಂಡಂದು. ಇದ್ಯಾವಾಕಿ ಗೋದಾಕ್ಕನ ಗಂಡನ ಹೆಸರು ಹೇಳಾಕಿ?

ಗೋದಾಕ್ಕ ಮದಲ ಭಾಳ ಮತ್ಸರದಾಕಿ. ಮಾಮಾ ಇನ್ಯಾರದರ ಮನಿ ಚಾ ಛಲೋ ಐತಿ ಅಂದ್ರ ಎರಡು ದಿನ ಮಾತು ಬಿಡಾಕಿ. ಈಗ ಕೇಳಬೇಕಾ! ದಡದಡ ಮ್ಯಾಲಿನ ಮನಿಗೆ ಓಡಿದ್ಲು. ಅದು ಇನ್ನೂ ಮಾರಾಟಾನೇ ಆಗಿದ್ದಿಲ್ಲ. ಕೀಲಿ ಮ್ಯಾಲ ಜೇಡರ ಬಲಿ.

ಮಾಮಾ ಮನಿಗೆ ಬಂದ ಕೂಡಲೇ ಕೇಳಿದ್ಲು.

"ಯಾರ‍್ರೀ ಆಕಿ?"

"ಯಾವಾಕಿ?"

"ಡಕ್ಟಿನ್ಯಾಗ ನಿಮ್ಮ ಹೆಸರು ಹೇಳಾಕಿ..."

"ಬರೇ ನೀರಿನ ಸಪ್ಪಳ, ಗೋದಾ. ನನಗೇನೂ ಕೇಳಿಸೂದಿಲ್ಲ."

ಮರುದಿನ ಮತ್ತ ಅದ ದನಿ, ಅದ ಒಡಪು. ಗೋದಾಕ್ಕಗ ತಡಕೊಳ್ಳಾಕ ಆಗಲಿಲ್ಲ. ಸಣ್ಣ ಬಾಗಲಾ ತೆಗೆದ್ಲು... ಕಿರ್‌ರ್... ಕತ್ತಲಾಗ ತಲಿ ಹಾಕಿ, ತನ್ನ ಮದುವ್ಯಾಗ ಹೇಳಿದ್ದ ಒಡಪು ಒದರಿದ್ಲು:

"ಸಜ್ಜಿ ರೊಟ್ಟಿ ಮ್ಯಾಲ ಕೆನಿ ಮೊಸರು, ವಾಸುದೇವರಾಯರು ನನ್ನವರ ಹೆಸರು!"

ಎಲ್ಲಾ ಸುಮ್ಮನಾತು. ನೀರು ಸೈತ.

ಆಮ್ಯಾಲ... ಕಿವಿ ಬಾಜೂಕ ಪಿಸುಮಾತು.

"ಛಲೋ ಐತ್ರಿ... ಇನ್ನೊಮ್ಮೆ ಹೇಳ್ರಲ್ಲ?"

ಹೇಳಬಾರದಿತ್ತು. ಆದ್ರ ಸೋಲಬಾರದು ಅನ್ನೋ ಹಟ. ಮತ್ತ ಹೇಳಿದ್ಲು, ಇನ್ನಷ್ಟು ಜೋರಲೆ. ಆವತ್ತಿಂದ ಡಕ್ಟು ಸುಮ್ಮನಾತು. ಗೆದ್ದೆ ಅಂದಕೊಂಡ್ಲು, ಪಾಪ.

ಶ್ರಾವಣದಾಗ ಅವರ ಮನ್ಯಾಗ ಅರಿಶಿಣ ಕುಂಕುಮ. ನಾನೂ ಹೋಗಿದ್ದೆ. ಹೆಣ್ಣಮಕ್ಕಳೆಲ್ಲಾ ಸೇರಿ, ಒಡಪು ಹೇಳಂತ ಗೋದಾಕ್ಕನ್ನ ಕಾಡಿದಿವಿ. ಕುಂಕುಮದ ಬಟ್ಟಲ ಹಿಡಕೊಂಡು ಸುರು ಮಾಡಿದ್ಲು.

"ಸಜ್ಜಿ ರೊಟ್ಟಿ ಮ್ಯಾಲ ಕೆನಿ ಮೊಸರು..."

ಮುಂದ ತುಟಿ ಅಲುಗಾಡ್ತಾವ... ದನಿ ಇಲ್ಲ. ನಾಚಿಕೊಂಡಾಳಂತ ನಾವು ನಕ್ಕಿವಿ. ಆಗ ಮಲಗೋ ಖೋಲಿಯೊಳಗಿಂದ ಗೋದಾಕ್ಕನ ದನಿಯೊಳಗೇ ಬಂತು...

"ವಾಸುದೇವರಾಯರು ನನ್ನವರ ಹೆಸರು."

ಪಡಸಾಲ್ಯಾಗ ಪೇಪರ್ ಓದಾಕತ್ತಿದ್ದ ಮಾಮಾ ಎದ್ದರು. "ಬಂದೆ, ಗೋದಾ," ಅಂದ್ರು. ಗೋದಾಕ್ಕನ್ನ ದಾಟಿಕೊಂಡು ಮಲಗೋ ಖೋಲಿಗೆ ಹೋದ್ರು.

ಸುಳ್ಳಂತೀರೇನು? ಹೋದ ವಾರ ಹೋಗಿದ್ದೆ ಅವರ ಮನಿಗೆ. ಮಲಗೋ ಖೋಲ್ಯಾಗ ಗೋದಾಕ್ಕ ಮಾಮಾನ ಎದುರಿಗೇ ನಿಂತು, "ಊಟಕ್ಕ ಏಳ್ರಿ," ಅಂದ್ಲು. ಮಾಮಾ ಡಕ್ಟಿನ ಕಡೆ ತಿರುಗಿ, "ಬಂದೆ," ಅಂದ್ರು. ಈ ಕಣ್ಣಲೆ ನೋಡೀನ್ರಿ ನಾನು.