ಒಂದೇ ಜೀವಿಗೆ ಎರಡು ಹೆಸರು

ಕಣ್ಣಿನ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ಅಜ್ಜಿಯೊಬ್ಬರ ಪಕ್ಕದಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ಕೂತಿದ್ದರು. ಔಷಧಿ ಹಾಕಿದ್ದರಿಂದ ಮೇಷ್ಟ್ರ ಕಣ್ಣು ಮಂಜಾಗಿತ್ತು. ಜೊತೆಗೆ ಬಂದಿದ್ದ ಅವರ ಶಿಷ್ಯೆ ತಾನು ಬರೆದ ಲೇಖನವನ್ನು ಓದಿ ಹೇಳುತ್ತಿದ್ದಳು. ಡೈನೋಫ್ಲಾಜೆಲೇಟ್ ಎಂಬ, ಬರಿಗಣ್ಣಿಗೆ ಕಾಣದ ಕಡಲ ಜೀವಿಗಳ ವಿಷಯ.

“ಯಾಕಮ್ಮಾ, ಒಂದು ಪುಟ ಹಾರಿಸಿದೆ?”

“ಏನಿಲ್ಲ ಮೇಷ್ಟ್ರೇ, ಬರೀ ಅಳತೆ.”

“ಮಂಜಾಗಿರೋದು ಕಣ್ಣು, ಕಿವಿಯಲ್ಲ. ಹೇಳು.”

ಅವಳು ತಡವರಿಸಿದಳು. “ಕಡಲ ತಳದ ಕೆಸರಲ್ಲಿ ಚಿಪ್ಪಿನೊಳಗೆ ಮಲಗಿರುತ್ತಲ್ಲ, ನೀವು ಹೆಸರಿಟ್ಟ ಜೀವಿ? ಅದರ ಚಿಪ್ಪು ನನ್ನೆದುರೇ ಒಡೀತು. ಒಳಗಿಂದ ಈಜ್ಕೊಂಡು ಬಂದಿದ್ದಕ್ಕೆ ಬೇರೆಯವರು ನಿಮಗಿಂತ ಮುಂಚೆನೇ ಹೆಸರಿಟ್ಟಿದಾರೆ.”

“ಅಂದ್ರೆ ಎರಡೂ ಒಂದೇ. ಮೊದಲಿನ ಹೆಸರು ಉಳಿಯುತ್ತೆ, ನಾನಿಟ್ಟಿದ್ದು ಹೋಗುತ್ತೆ.”

“ನೀವಿಟ್ಟಿದ್ದು ನಿಮ್ಮ ದೋಣಿಯಣ್ಣನ ಹೆಸರು. ಮೂವತ್ತು ವರ್ಷ ದೋಣಿಯಲ್ಲಿ ಹೋಗಿ ನಿಮಗೆ ಕೆಸರು ತಂದುಕೊಟ್ಟವರು. ಈಗ ಅವರೂ ಇಲ್ಲ. ಅದಕ್ಕೇ ಐದು ತಿಂಗಳಿಂದ ಇದನ್ನ ವಿಜ್ಞಾನ ಪತ್ರಿಕೆಗೆ ಕಳಿಸಿಲ್ಲ.”

ಮೇಷ್ಟ್ರು ಅವಳ ಕಡೆ ತಿರುಗಿದರು.

“ಒಂದ್ಸಲ ಕೆಸರಿನ ಬಾಟ್ಲಿ ಮೇಲೆ ತಪ್ಪು ಜಾಗ ಬರೆದುಬಿಟ್ಟಿದ್ದ. ಅದನ್ನ ಹೇಳೋಕೇ ಅರ್ಧ ದಾರಿಯಿಂದ ದೋಣಿ ತಿರುಗಿಸ್ಕೊಂಡು ಬಂದ. ಅಂಥವನ ಹೆಸರಲ್ಲಿ ತಪ್ಪು ಉಳಿಸೋದು ಬೇಡಮ್ಮಾ. ಇವತ್ತೇ ಕಳಿಸು.”

“ಆಯ್ತು ಮೇಷ್ಟ್ರೇ.”

ನರ್ಸ್ ಕರೆದಳು. ಶಿಷ್ಯೆ ಅವರ ತೋಳು ಹಿಡಿದು ನಿಧಾನವಾಗಿ ನಡೆಸಿದಳು.

“ಚಿಪ್ಪಿಂದ ಹೊರಗೆ ಬಂದಾಗ ಹೇಗಿತ್ತೇ ನೋಡೋಕೆ? ನಾನು ಒಂದ್ಸಲನೂ ಕಂಡಿಲ್ಲ.”

“ಬುಗುರಿ ಥರ ತಿರುಗ್ತಾ ಬಂತು ಮೇಷ್ಟ್ರೇ. ಮೊದಲು ಒಂದು ಗಳಿಗೆ ಅಲ್ಲಾಡದೇ ನಿಂತಿತ್ತು, ಆಮೇಲೆ…”

ಬಾಗಿಲು ಮುಚ್ಚಿಕೊಂಡಿತು. ಮುಂದಿನದು ಅಜ್ಜಿಗೆ ಕೇಳಿಸಲಿಲ್ಲ.