ಬಲ್ಲವರ ಸಹಿ

ಅಲ್ಲ ಕಣೇ ವರ್ನೀಸ್, ಶನಿವಾರ ವಿಮಾನ ನಿಲ್ದಾಣದ ಆ ತೆರಿಗೆ ಕಿಟಕೀಲಿ ನಾನು ಕೂತಿದ್ದಿದ್ರೆ ನಿನ್ನ ಮಗಳು ನಾದೆಜ್‌ನ ದೋಣಿ ಹತ್ತೋಕೆ ಬಿಡ್ತಿದ್ನಾ? ನೀನೇ ಹೇಳು. ಅವಳ ನೆನ್ನೆನ್ ನಾನು, ಜ್ಞಾನಸ್ನಾನದ ತಾಯಿ. ಈ ಎರಡು ಕೈಯಲ್ಲಿ ಎತ್ಕೊಂಡು ಪಾದ್ರಿ ಮುಂದೆ ನಿಂತಿದ್ದೆ. ಬಂದಾಗಿನಿಂದ ಇದನ್ನೇ ಹೇಳ್ತಾ ಇದೀನಿ, ನೀನು ಬಾಯೇ ಬಿಡ್ತಿಲ್ಲ. ನಾನು ಊಟಕ್ಕೆ ಹೋಗಿದ್ದೆ ಕಣೇ. ಹನ್ನೊಂದಕ್ಕೇ ಹೋದೆ, ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ತೆರಿಗೆ ಕಿಟಕೀಲಿ ಆ ಸೆಲೆಸ್ಟಿನ್ ಕೂತಿದ್ಲು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ, ರಾಜಧಾನಿಯವಳು. ಅವಳಿಗೆ ನಮ್ಮೂರ ಮುಖ ಎಲ್ಲಿ ಗುರುತು ಸಿಗುತ್ತೆ.

ಆ ತೊಗರಿಕಾಯಿ ಬಿಡಿಸೋದು ಸಾಕು ಮಾಡು. ಯಾರಿಗೆ ಬೇಯಿಸ್ತೀಯ ಅಷ್ಟೊಂದು? ... ಸರಿ ಬಿಡು, ಬಿಡಿಸು. ಕೈಗೊಂದು ಕೆಲಸ ಇರ್ಲಿ. ಮೀನಿನ ಸಾರು ತಂದಿದೀನಿ ನೋಡು, ಬಾಳೆಕಾಯಿ ಹಾಕಿ, ನೀನು ಮಾಡೋ ಹಾಗೇ. ಬಿಸಿ ಆರೋದ್ರೊಳಗೆ ಒಂದು ಬಟ್ಟಲು ಕುಡಿ. ಆಮೇಲಾ? ಆಯ್ತು, ಆಮೇಲೆ.

ದೋಣಿ ಬರುತ್ತೆ. ಸಿಲ್ಬರ್ಟ್ ಏನು ಇವತ್ತು ನಿನ್ನೆ ದೋಣಿ ಬಿಡ್ತಿರೋನಾ? ಈರುಳ್ಳಿ, ಬಾಳೆಗೊನೆ, ಮೇಕೆ, ಎಲ್ಲಾನೂ ಮೂವತ್ತು ವರ್ಷದಿಂದ ಆಚೆ ದ್ವೀಪಕ್ಕೆ ಸಾಗಿಸ್ತಿದಾನೆ. ಐದು ಗಂಟೆ ದಾರಿ. ಎರಡು ದಿನ ಆಯ್ತು ಅಂತ ನಂಗೂ ಗೊತ್ತು ಕಣೇ. ಎಂಜಿನ್ ಕೆಟ್ಟಿರ್ಬಹುದು. ಯಾವುದೋ ಬಂಡೆ ಮರೆಗೆ ಕಟ್ಟಿ ಕೂತಿರ್ಬಹುದು, ಅವನಿಗೆ ರಮ್ಮಿನ ಬಾಟಲಿ ಜೊತೆಗಿದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಬೆಳಿಗ್ಗೆ ಹುಡುಕೋ ವಿಮಾನ ಹೋಗಿದೆಯಲ್ಲ... ಈ ರೇಡಿಯೋ ಸ್ವಲ್ಪ ತಗ್ಗಿಸ್ಲಾ? ಬೇಡ, ಬೇಡ. ಮುಟ್ಟಲ್ಲ.

ಎಲ್ಲಾ ವಿಮಾನ ಹತ್ತೋರ ಹತ್ರ ಕೀಳೋ ಆ ಹಾಳು ತೆರಿಗೆಯಿಂದ ಆಗಿದ್ದು. ನೆನಪಿದೆಯಾ, ನಾನು ಕೆಲಸಕ್ಕೆ ಸೇರಿದಾಗ ಹದಿನೈದು ಡಾಲರ್, ಒಂದೇ ಒಂದು ಚೀಟಿ. ಆಮೇಲೆ ಭದ್ರತೆಗೆ ಅಂತ ಒಂದು, ಹೊಸ ಕಟ್ಟಡಕ್ಕೆ ಅಂತ ಒಂದು. ಕಟ್ಟಡ ಇನ್ನೂ ಸೋರ್ತಾನೇ ಇದೆ. ಮೊನ್ನೆವರೆಗೆ ಅರವತ್ತಿತ್ತು, ಶನಿವಾರ ಒಂದನೇ ತಾರೀಖು, ಅವತ್ತಿಂದ ನೂರೆಂಬತ್ತು. ಪ್ರವಾಸಿಗಳಿಗೆ ಮಾತ್ರ, ಊರವರ ಕೂದಲೂ ಕೊಂಕಲ್ಲ ಅಂತ ಮಂತ್ರಿ ಇದೇ ರೇಡಿಯೋದಲ್ಲಿ ಒದರಿದ. ಪ್ರವಾಸಿಗಳೇನು, ಕೂಗಾಡ್ತಾರೆ, ನಮ್ಮ ಮುಖಕ್ಕೆ ಬೈತಾರೆ, ಕಾರ್ಡ್ ಉಜ್ಜಿ ವಿಮಾನ ಹತ್ತುತ್ತಾರೆ. ಮನೆ ಮುಟ್ಟೋದ್ರೊಳಗೆ ಮರೆತೂ ಬಿಡ್ತಾರೆ.

ಊರವರಿಗೆ ಈಗಲೂ ಮೂವತ್ತೇ. ಆದ್ರೆ ಕೈಯಲ್ಲಿ ನಮ್ಮ ಪಾಸ್‌ಪೋರ್ಟ್ ಇರ್ಬೇಕು. ಇಲ್ಲ ಅಂದ್ರೆ ಹಳದಿ ಚೀಟಿ. 'ಇವರು ಈ ದ್ವೀಪದವರೆಂದು ನಾನು ಬಲ್ಲೆ' ಅಂತ ಅದರಲ್ಲಿ ಅಚ್ಚು ಹಾಕಿರುತ್ತೆ. ಕೆಳಗೆ ಊರವರೊಬ್ಬರು ಸಹಿ ಹಾಕಿದ್ರೆ ಮುಗೀತು.

ನಿನ್ನ ಬೈತಿಲ್ಲ ಕಣೇ. ಆದ್ರೂ ಒಂದು ಮಾತು... ಆವಾಗ ನೀನು ಅಮೆರಿಕದವರ ದ್ವೀಪ ಸೇಂಟ್ ಕ್ರೋಯ್‌ನಲ್ಲಿ ಹೋಟೆಲ್ ಹಾಸಿಗೆ ಒಗೀತಾ ಅಲ್ಲೇ ಹೆತ್ತೆ. ಮಗುಗೆ ಅಮೆರಿಕದ ಪಾಸ್‌ಪೋರ್ಟ್. ಅದೃಷ್ಟ ಅಂದ್ರೆ ವರ್ನೀಸ್‌ದು ಅಂತ ಊರೆಲ್ಲ ಹೊಟ್ಟೆ ಉರ್ಕೊಳ್ತು. ನಾನೂ ಉರ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ನಲವತ್ತು ದಿನದ ಕೂಸನ್ನ ತಂದು ಇದೇ ಮೆಟ್ಟಿಲ ಮೇಲೆ ನನ್ನ ತೊಡೆಗೆ ಹಾಕಿದೆ. ಇಪ್ಪತ್ತು ವರ್ಷ ಇಲ್ಲೇ ಬೆಳೆದ್ಲು, ಇಲ್ಲೇ ಬಿದ್ದು ಹಲ್ಲು ಮುರ್ಕೊಂಡ್ಲು. ಆದ್ರೆ ಆ ಪಾಸ್‌ಪೋರ್ಟ್ ಕಿಟಕೀಲಿ ಇಟ್ಟ ಕೂಡ್ಲೇ ಪ್ರವಾಸಿ. ನೂರೆಂಬತ್ತು. ಎಲ್ಲಿಂದ ತರ್ತಾಳೆ? ಸರಕಿನ ದೋಣಿಗಾದ್ರೆ ಆ ತೆರಿಗೆ ಇಲ್ಲ.

ಇನ್ನೊಂದು ದಿನ ಕಾಯೋಣ ಅಂದ್ರೆ ಭಾನುವಾರ ವಿಮಾನ ಇಲ್ಲ. ಆಚೆ ದ್ವೀಪದ ನರ್ಸಿಂಗ್ ಶಾಲೆ ಸಂದರ್ಶನ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಅಂದ್ರೆ... ಹೌದು, ಇವತ್ತು. ಇಷ್ಟು ಹೊತ್ತಿಗೆ ಮುಗಿದಿರ್ಬೇಕಿತ್ತು. ಒಂದು ವಾರದಿಂದ ಕುಣೀತಿದ್ಲು, ಪಾಪ. ಆ ಹಳೇ ಚೀಲ ತಬ್ಕೊಂಡು, ಜಿಪ್ಪು ಕಿತ್ತು ಹೋಗಿ, ನಿನ್ನ ಕೆಂಪು ಚೌಕುಳಿ ತಲೆವಸ್ತ್ರ ಸುತ್ತಿ ಗಂಟು ಹಾಕ್ಕೊಂಡು...

ಯಾಕೆ ಹಾಗೆ ನೋಡ್ತೀಯ?

ಓ. ಮನೆ ಬಿಡುವಾಗ ಜಿಪ್ಪು ಚೆನ್ನಾಗೇ ಇತ್ತು ಅಂತೀಯಾ? ಇದ್ದಿರ್ಬಹುದು. ಅಲ್ಲಿ ಬಂದ ಮೇಲೆ ಕಿತ್ತು ಹೋಗಿರುತ್ತೆ. ನಂಗೆ ಸೆಲೆಸ್ಟಿನ್ ಹೇಳಿದ್ಲು. ಹೌದು ಕಣೇ, ಅವಳಿಗೆ ಮುಖ ನೆನಪಿರಲ್ಲ, ಚೀಲ ನೆನಪಿರುತ್ತೆ. ಕೆಲವರು ಹಾಗೇ. ನೀನು ಕಾಯಿ ಬಿಡಿಸು.

ಗಾಳಿ ಎದ್ದಿದೆ, ಅಲ್ವಾ? ನಿನ್ನ ಬಾಗಿಲು ಬಡ್ಕೊಳ್ತಿದೆ.

ಸೆಲೆಸ್ಟಿನ್‌ದೂ ಪೂರಾ ತಪ್ಪು ಅನ್ನೋಕಾಗಲ್ಲ, ನಿಜ ಹೇಳ್ಬೇಕು ಅಂದ್ರೆ. ಹೊಸ ಮೇಲಧಿಕಾರಿ ಬಂದಿದಾನಲ್ಲ, ಲಬಾದಿ ಅಂತ, ಕಬ್ಬಿನ ಜಲ್ಲೆ ಹಾಗೆ ಉದ್ದಕ್ಕಿದಾನೆ. ಹೋದ ವಾರ ಹಳದಿ ಚೀಟಿ ಕಟ್ಟು ಬಿಚ್ಚಿ ಒಂದೊಂದೇ ನೋಡಿದ. ಹನ್ನೊಂದು ಸುಳ್ಳು ಚೀಟಿ ಸಿಕ್ತು. ಒಬ್ಬ ಜರ್ಮನ್, ಹಾಯಿದೋಣಿ ಇಟ್ಕೊಂಡಿರೋನು. ಹೋಟೆಲ್ ಮ್ಯಾನೇಜರನ ಭಾವಮೈದ. ಇವರನ್ನೆಲ್ಲ 'ಬಲ್ಲೆ' ಅಂತ ಸಹಿ ಹಾಕಿದ್ದು ಯಾರು? ಕಿಟಕಿಯವರೇ. ಒಬ್ಬ ಒಂದು ದೊಡ್ಡ ಮೀನು ತಂದುಕೊಡ್ತಾನೆ, ಇನ್ನೊಬ್ಬ ಮಗಳ ಮದುವೆ ಕೇಕು ಕಳಿಸ್ತಾನೆ, ಬೇಡ ಅನ್ನೋಕೆ ಆಗುತ್ತಾ? ಎಲ್ಲರೂ ಮಾಡೋದೇ. ಲಬಾದಿ ಕಟ್ಟನ್ನ ಮೇಜಿನ ಮೇಲೆ ಕುಕ್ಕಿ, ಇನ್ನೊಂದು ಚೀಟೀಲಿ ನಿನ್ನ ಸಹಿ ಕಂಡ್ರೆ ಪಿಂಚಣಿ ಮರೆತುಬಿಡು ಅಂದ. ಇರೋದೇ ಎರಡು ತಿಂಗಳು, ಇಪ್ಪತ್ತೆರಡು ವರ್ಷ ದುಡಿದು...

ಅಂದ್ರೆ... ಸೆಲೆಸ್ಟಿನ್‌ಗಲ್ಲ. ಅಲ್ಲಿ ಎಲ್ಲರಿಗೂ ಹಾಗಂದ.

ನಗ್ತಿದ್ದೀಯಾ? ನಗು ಅಲ್ಲ ಅದು. ಏನದು ಮತ್ತೆ? ಏನಾದ್ರೂ ಅನ್ನಬಾರದಾ? ಮಕೊಮೆ ಅಂತ ಕರಿ ಒಂದ್ಸಲ. ನಿನ್ನ ಮಗೂನ ಎತ್ಕೊಂಡ ದಿನದಿಂದ ನೀನು ನನ್ನ ಹೆಸರು ಹಿಡಿದು ಕರೆದಿಲ್ಲ, ಮಕೊಮೆ, ಮಗಳ ಇನ್ನೊಬ್ಬ ತಾಯಿ, ಅಂತಾನೇ ಕರೆದಿರೋದು. ಇವತ್ತು ಬಾಗಿಲಲ್ಲಿ ನಿಂತಾಗ ಏನೂ ಅನ್ನಲಿಲ್ಲ. ದುಃಖದಲ್ಲಿದಾಳೆ ಅಂದ್ಕೊಂಡೆ.

ವರ್ನೀಸ್. ಒಂದು ಮಾತು ಕೇಳ್ತೀನಿ. ದೋಣಿ ಕಟ್ಟೆಯಿಂದ ನಾದೆಜ್ ನಿಂಗೆ ಫೋನ್ ಮಾಡಿದ್ಲಾ?

...

ಮಾಡಿದ್ಲು.

ಎಲ್ಲಾ ಹೇಳಿದ್ಲಾ? ... ಹೂಂ. ಹಾಗಾದ್ರೆ ನಾನು ಸಾರಿನ ಪಾತ್ರೆ ಹಿಡ್ಕೊಂಡು ಬಂದಾಗಲೇ ನಿಂಗೆ ಗೊತ್ತಿತ್ತು. ನಾನು ಊಟಕ್ಕೆ ಹೋಗಿದ್ದೆ ಅಂದಾಗಲೂ ಗೊತ್ತಿತ್ತು. ಇಷ್ಟು ಹೊತ್ತು ಕೂತು ನನ್ನ ಮಾತಾಡೋಕೆ ಬಿಟ್ಟೆ. ಎಂಥಾ ಗಟ್ಟಿಗಿತ್ತಿ ನೀನು.

ಕೇಳು ಮತ್ತೆ. ಅವಳು ಹೇಳಿದ್ರೂ ನನ್ನ ಬಾಯಲ್ಲೂ ಕೇಳು. ಸಾಲಲ್ಲಿ ಅವಳ ಹಿಂದೆ ಒಬ್ಬ ಪ್ರವಾಸಿ, ಬಿಸಿಲಿಗೆ ಮೂಗು ಸುಲಿದಿತ್ತು. ಇಲ್ಲಿ ಎಲ್ಲರೂ ಒಬ್ಬರಿಗೊಬ್ಬರು ನೆಂಟರು, ದೋಚೋದು ನಮ್ಮನ್ನ ಮಾತ್ರ ಅಂತ ಕಿರುಚ್ತಿದ್ದ. ಲಬಾದಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. ನಾದೆಜ್ ಚೀಟಿ ತುಂಬಿ ನನ್ನ ಕಡೆ ತಳ್ಳಿದ್ಲು. ಪೆನ್ನೂ ತಳ್ಳಿದ್ಲು. ನಗ್ತಾ ಇದ್ಲು ಕಣೇ, ನೆನ್ನೆನ್ ಇದಾಳೆ, ಇನ್ನೇನು ಅಂತ. 'ಈ ಹುಡುಗಿ ನಿನಗೆ ಗೊತ್ತಾ ಫಿಲೊಮೆನ್?' ಅಂತ ಅವನು ಕೇಳ್ದ.

ಗೊತ್ತಿಲ್ಲ ಅಂದೆ.

ನನ್ನ ಬಾಯಿಂದ ಬಂತು. ಹೇಗೆ ಬಂತೋ... ಹೇಗೂ ಇಲ್ಲ, ಬಂತು. ನಾನೇ ಅಂದೆ. ಆ ಜರ್ಮನ್‌ಗೆ ಸಹಿ ಹಾಕಿದ ಕೈ ಇದು, ನನ್ನ ಮಗುಗೆ ಹಾಕ್ಲಿಲ್ಲ. ನೆನ್ನೆನ್ ಅಂತ ಮೆಲ್ಲಗೆ ಕರೆದ್ಲು. ನಾನು ತಲೆ ಎತ್ತಲಿಲ್ಲ, ಮುಂದಿನವರು ಬನ್ನಿ ಅಂದೆ. ಅಳಲಿಲ್ಲ ಅವಳು. 'ಆಯ್ತು ಮೇಡಂ' ಅಂದ್ಲು. ಪಕ್ಕಕ್ಕೆ ಹೋಗಿ ಬೆಂಚಿನ ಮೇಲೆ ಕೂತು ಆ ಕಿತ್ತ ಜಿಪ್ಪಿಗೆ ತಲೆವಸ್ತ್ರ ಕಟ್ಟಿದ್ಲು. ಕಿಟಕಿಯಿಂದ ದೋಣಿ ಕಟ್ಟೆ ಕಾಣುತ್ತೆ. ಕೆಂಪು ಬಾವುಟ ಏರಿಸಿದ್ರು, ಕಡಲು ಕೆಟ್ಟಿದೆ ಅಂತ. ಅವಳು ಅತ್ತ ನಡ್ಕೊಂಡು ಹೋಗೋದನ್ನ ನೋಡ್ತಾ ಕೂತಿದ್ದೆ. ನನ್ನ ಪರ್ಸಲ್ಲಿ ದುಡ್ಡಿತ್ತು ವರ್ನೀಸ್. ಎದ್ದು ಓಡಿದ್ರೆ ಸಿಕ್ತಿದ್ಲು. ಏಳಲಿಲ್ಲ. ನಂಗೆ ಭಯ ಆಯ್ತು, ನಾಚಿಕೆ ಆಯ್ತು, ಅಲ್ಲೇ ಕೂತಿದ್ದೆ.

ಹೊಡಿ ಬೇಕಾದ್ರೆ. ಪಾತ್ರೆ ಎತ್ತಿ ನನ್ನ ತಲೆಗೆ ಹಾಕು. ಹೀಗೆ ನೋಡ್ತಾ ಕೂರಬೇಡ.

ಯಾರದು ಗೇಟ್ ಹತ್ರ? ... ಪೋಲೀಸ್ ಜೀಪು. ಕೂತಿರು, ನೀನು ಕೂತಿರು. ನಾನು ಮಾತಾಡ್ತೀನಿ. ಈ ಹುಡುಗ ಟೋಪಿ ಯಾಕೆ ಕೈಯಲ್ಲಿ ಹಿಡ್ಕೊಂಡಿದಾನೆ... ಬಾಪ್ಪ, ಮೇಲೆ ಬಾ. ಏನದು, ನೀರು ಸೋರ್ತಿದೆ?

ವರ್ನೀಸ್, ಇತ್ತ ನೋಡಬೇಡ.

ಇದೊಂದೇನಾ ತೇಲ್ತಿದ್ದದ್ದು? ಮತ್ತೆ ದೋಣಿ... ಜನ... ಹೂಂ. ಸಾಕು, ಅರ್ಥ ಆಯ್ತಪ್ಪ. ತಲೆವಸ್ತ್ರದ ಗಂಟು ಹಾಗೇ ಇದೆ, ಬಿಚ್ಚಿಲ್ಲ. ಹೌದಾ, ಕಾಗದಾನೂ ತಂದಿದೀಯಾ? ಯಾರ ಚೀಲ ಅಂತ ಬಲ್ಲವರು ಬರೆದು ಕೊಡ್ಬೇಕಾ? ಅವಳ ತಾಯಿ ಇಲ್ಲೇ ಇದಾಳೆ, ಅವಳೇ...

ವರ್ನೀಸ್. ಕಾಗದ ನನ್ನ ಕಡೆ ಯಾಕೆ ತಳ್ತೀಯ.

ಪೆನ್ನೂನಾ.

...

ಬರ್ಕೋಪ್ಪ. ಈ ಹುಡುಗಿ ನಂಗೆ ಗೊತ್ತು. ನಲವತ್ತು ದಿನದ ಕೂಸಾಗಿದ್ದಾಗಿಂದ ಗೊತ್ತು. ಎಲ್ಲಿ ಹಾಕ್ಬೇಕು ಸಹಿ?