ಹೊಟ್ಟೆನೋವಿನ ಶಾಂತವೀರಮ್ಮ

೧೯೫೮ರ ಶ್ರಾವಣದಲ್ಲೊಂದು ದಿನ ಶಿಕಾರಿಪುರದ ಡಾಕ್ಟರೊಬ್ಬರ ಜಗಲಿಯಲ್ಲಿ ನಾನು ಸರದಿಗಾಗಿ ಕಾಯುತ್ತಿದ್ದೆ. ಜಡೆಯಿಂದ ಬಸ್ಸಿನಲ್ಲಿ ಬಂದಿದ್ದ ಇಬ್ಬರು ಓರಗಿತ್ತಿಯರು ನನ್ನ ಪಕ್ಕ ಕೂತಿದ್ದರು. ಹಿರಿಯವಳು ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಬಿಗಿಯಾಗಿ ಹಿಡಿದಿದ್ದಳು.

"ಅಕ್ಕಾ, ವಾರ ಔಷಧಿ ಕುಡಿದ್ರೂ ಹೊಟ್ಟೆನೋವು ಹೋಗ್ಲಿಲ್ಲಲ್ಲ?"

"ಹೊಟ್ಟೆ ಅಲ್ಲ ನೀಲಾ, ಎದೆ. ಕೊಡ ಹೊತ್ತು ಮೆಟ್ಲು ಹತ್ತಿದ್ರೆ ಹಿಂಡತೈತಿ. ಎಡಗೈಗೂ ಇಳೀತೈತಿ."

"ಮತ್ತೆ ಡಾಕ್ಟ್ರಿಗೆ ಹೊಟ್ಟೆ ಉಬ್ಬರ ಅಂದ್ಯಲ್ಲ! ನಾನೂ ದಿನಾ ಓಮದ ಕಷಾಯ ಕಾಸಿದ್ನಲ್ಲ!"

"ಎದೆ ಅಂದ್ರೆ ಕಿವಿಗೆ ಹಚ್ಕೊಳ್ಳೋ ನಳಿಗೆ ಎದೆ ಮ್ಯಾಲೆ ಇಟ್ಟು ನೋಡ್ತಾರ. ಲಿಂಗ ತೆಗೆದಿಡು ಅಂತಾರ. ಒಂದಿನಾನೂ ಮೈಯಿಂದ ಬೇರೆ ಮಾಡಿಲ್ಲ. ತೆಗೆದಿಟ್ಟ ಗಳಿಗ್ಯಾಗೇ ಜೀವ ಹೋದ್ರೆ?"

"ಹಿಂಗೇ ಮುಚ್ಚಿಟ್ಕೊಂಡು ಕೂತ್ರೆ ಉಳೀತೀಯೇನು?"

"ಬೈಬ್ಯಾಡ. ಈಗ್ಲೂ ಹಿಂಡತೈತಿ. ಭಾಳ ಹೆದರಿಕೆ ಆಗತೈತಿ."

ಕಿರಿಯವಳು ಅಕ್ಕನ ಹತ್ತಿರಕ್ಕೆ ಸರಿದು ಕೂತಳು.

"ಪೂಜೆ ಮಾಡೋವಾಗ ಲಿಂಗ ಎಲ್ಲಿ ಇಟ್ಕೊಂತೀಯ?"

"ಅಂಗೈಯಾಗ."

"ಒಳಗೂ ಹಂಗೇ ಅಂಗೈಯಾಗ ಹಿಡ್ಕೊ. ಆವಾಗ ಮೈಯಿಂದ ಬೇರೆ ಆಗೂದಿಲ್ಲ. ಡಾಕ್ಟ್ರು ಬೈದ್ರೆ ನಾ ಬೈಸ್ಕೊಂತೀನಿ."

"ನಡುಗಿ ಕೈ ಜಾರಿದ್ರೆ?"

"ನಿನ್ ಕೈ ಕೆಳಗೆ ನನ್ ಕೈ ಇರತೈತಿ."

ಕಾಂಪೌಂಡರ್ ಬಾಗಿಲಿಗೆ ಬಂದು ಚೀಟಿ ನೋಡಿ ಕೂಗಿದರು.

"ಹೊಟ್ಟೆನೋವಿನ ಶಾಂತವೀರಮ್ಮ ಯಾರ್ರೀ?"

ಹಿರಿಯವಳು ಎದ್ದಳು.

"ನಾನ್ರೀ," ಅಂದಳು. ಒಂದು ಉಸಿರು ಬಿಟ್ಟು ಮತ್ತೆ, "ಹೊಟ್ಟೆ ಅಲ್ರೀ, ಎದೆ" ಅಂದಳು.

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು.